ಅಲುಗಾಡದ ಪಟ್ಟಿ

ರಾಮಗಿರಿ, ಮಂಗಳವಾರ ಬೆಳಿಗ್ಗೆ

ಡ್ರೋನ್ ಇಂಜಿನಿಯರ್ ಹಾಲೇಶ್ ಸಾರ್ ಅವರಿಗೆ, ಕುರಿ ಚಿತ್ತಯ್ಯನ ಮಗಳು ಹೇಮಾವತಿಯ ನಮಸ್ಕಾರ.

ನಿಮ್ಮ ಫೋನ್ ಸಿಗುತ್ತಿಲ್ಲ. ಅದಕ್ಕೇ ಹೊಳಲ್ಕೆರೆ ಬಸ್ಸಿನ ಕಂಡಕ್ಟರ್ ಕೈಲಿ ಈ ಪತ್ರ ಕಳಿಸುತ್ತಿದ್ದೇನೆ.

ನಿನ್ನೆ ಸಂಜೆ ಕುರಿಗಳೆಲ್ಲ ತಾವಾಗಿಯೇ ಹಟ್ಟಿಗೆ ಬಂದವು. ಅಪ್ಪ ಬರಲಿಲ್ಲ. ಗುಡ್ಡವೆಲ್ಲ ಕೂಗಿ ಬಂದೆವು.

ಓಡಾಟ ನೋಡಲು ನೀವು ನಮ್ಮ ಕುರಿಗಳ ಕೊರಳಿಗೆಲ್ಲ ಸೆನ್ಸರ್ ಪಟ್ಟಿ ಕಟ್ಟಿದ್ದಿರಲ್ಲ, ಅದರಲ್ಲಿ ಟಗರಿನ ಪಟ್ಟಿ ಟಗರಿನ ಮೇಲಿಲ್ಲ. ಬೈಯಬೇಡಿ. ಅದು ದೇವರಿಗೆ ಬಿಟ್ಟ ಟಗರು. "ದೇವರ ಟಗರಿಗೆ ಪಟ್ಟಿ ಕಟ್ಟಬಾರ್ದು ಕಣವ್ವ. ಸಾರ್‌ಗೆ ಹೇಳಿದ್ರೆ ಬೇಜಾರ್ ಮಾಡ್ಕಂತಾರೆ. ನಾನು ಅದರ ಜೊತೆಗೇ ಇರ್ತೀನಲ್ಲ, ನನ್ನ ಸೊಂಟದಾಗೇ ಇರ್ಲಿ" ಎಂದು ಅಪ್ಪ ತಾನೇ ಕಟ್ಟಿಕೊಂಡಿದ್ದ. ಇಷ್ಟು ದಿನ ನಿಮ್ಮ ಕಂಪ್ಯೂಟರಿನಲ್ಲಿ ಟಗರೆಂದು ಓಡಾಡಿದ್ದು ಅವನೇ.

ಕುರಿ ಅಲುಗಾಡದಿದ್ದರೆ ಚಾರ್ಜ್ ಉಳಿಸಲು ಪಟ್ಟಿಯೂ ಮಲಗುತ್ತದೆ, ಡ್ರೋನ್ ಅದರ ನೆತ್ತಿಯ ಮೇಲೆಯೇ ಬಂದು ಸಿಗ್ನಲ್ ಕೊಟ್ಟು ಕರೆದರೆ ಮಾತ್ರ ಏಳುತ್ತದೆ ಎಂದು ನೀವೇ ಹೇಳಿದ್ದಿರಿ. ಮಲಗಿದ ಪಟ್ಟಿಗಳ ಕಡೆಗೆ ಡ್ರೋನ್ ಕಳಿಸಿದರೆ ಬ್ಯಾಟರಿ ದಂಡ ಎಂದೂ ಹೇಳಿದ್ದಿರಿ.

ದಯವಿಟ್ಟು ಇವತ್ತು ಒಂದು ಸಲ ಕಳಿಸಿ ಸಾರ್. ಬ್ಯಾಟರಿ ಸಾಲದಿದ್ದರೆ ಬೇರೆ ಕುರಿಗಳ ಪಟ್ಟಿಗಳನ್ನು ಬಿಟ್ಟುಬಿಡಿ, ಅವೆಲ್ಲ ಹಟ್ಟಿಯಲ್ಲೇ ಇವೆ. ಈ ಪಟ್ಟಿ ಕೊನೆಯ ಸಲ ಅಲುಗಾಡಿದ ಜಾಗಕ್ಕೇ ಹಾರಿಸಿ.

ಅಲ್ಲಿ ಏನೂ ಅಲುಗಾಡುತ್ತಿಲ್ಲ ಎಂದು ತೋರಿಸಿದರೂ, ಟಗರು ಮಲಗಿದೆ ಎಂದುಕೊಂಡು ಡ್ರೋನ್ ವಾಪಸ್ ಕರೆಸಬೇಡಿ. ಅದು ನಮ್ಮಪ್ಪ.

ಗುಡ್ಡದ ಬುಡದಲ್ಲಿ ಆಕಾಶ ನೋಡುತ್ತಾ ನಿಂತಿರುತ್ತೇನೆ.

ಹೇಮಾವತಿ