ಬಾಣಂತಿ ಖಾರದ ಡಬ್ಬಿ

ಹೋಳೂರು
೧೧ ಮೇ ೨೦೨೫, ಭಾನುವಾರ

ನನ್ನ ಕಂದ ಮೌನಿಕಾಗೆ,

ನಿನ್ನಮ್ಮ ನೂರು ಸಲ ಹರಸಿ ಬರೆಯುವುದು. ಇಲ್ಲಿ ನಿಮ್ಮಪ್ಪ, ನಿನ್ನ ತಮ್ಮ ಸುರೇಶ, ಸೀಮೆಹಸು ಎಲ್ಲ ಚೆನ್ನಾಗಿದ್ದಾರೆ. ನನ್ನದು ಆಮೇಲೆ ಹೇಳುತ್ತೇನೆ. ಮುಳಬಾಗಿಲಿನ ನಿಮ್ಮ ಮನೆಯಿಂದ ವಾಪಸ್ ಬಂದು ವಾರವಾದರೂ ‘ತಲುಪಿದೆ’ ಅಂತ ಒಂದು ಮಾತು ಹೇಳಲಿಲ್ಲ, ಕೋಪ ಮಾಡಿಕೊಳ್ಳಬೇಡ. ಫೋನ್ ಮಾಡೋಣ ಅಂದರೆ ನೀನು ಅದನ್ನು ಸ್ಪೀಕರ್‌ಗೆ ಹಾಕಿ ಅಡುಗೆ ಕಟ್ಟೆ ಮೇಲಿಟ್ಟು ಕೆಲಸ ಮಾಡುತ್ತೀಯ. ನಾನು ಕೇಳಿದ್ದಕ್ಕೆಲ್ಲ ನಿಮ್ಮತ್ತೆ ಭಾರತಮ್ಮನವರು ಪಕ್ಕದಿಂದ ‘ಅವುನು ವದಿನಾ, ಅವುನು’ ಅಂತ ನನ್ನನ್ನು ಅತ್ತಿಗೆ ಮಾಡಿಕೊಂಡು ತೆಲುಗಿನಲ್ಲಿ ಹೂಂಗುಟ್ಟುತ್ತಾರೆ. ಮಗಳ ಜೊತೆ ಮಾತಾಡಲು ನನಗೆ ಅವರ ಹೂಂ ಬೇಕಿಲ್ಲ. ಅದಕ್ಕೇ ಈ ಕಾಗದ. ನರಸಾಪುರದ ಕಂಪನಿಯಲ್ಲಿ ರಜಾ ಸಿಕ್ಕ ದಿನ ಸುರೇಶ ತಂದುಕೊಡುತ್ತಾನೆ.

ಮೊದಲು ರೇಟಿನ ವಿಷಯ ಮುಗಿಸಿಬಿಡುತ್ತೇನೆ, ಯಾಕಂದರೆ ನೀನು ಅದನ್ನೇ ಮುಂದೆ ಮಾಡಿದೆ. ‘ಅಮ್ಮಾ, ಮೆಣಸು ಕೊಬ್ಬರಿ ಎಲ್ಲಾ ಬೆಂಕಿ ರೇಟಾಗಿದೆ. ಬಾಣಂತಿ ಖಾರಕ್ಕೆ ನೀನ್ಯಾಕೆ ಖರ್ಚು ಮಾಡ್ಕೋತೀಯ? ಬಾಣಂತನ ಇಲ್ಲೇ ಆಗ್ಲಿ ಬಿಡು, ಅತ್ತೆ ಎಲ್ಲಾ ರೆಡಿ ಮಾಡ್ತಿದಾರೆ’ ಅಂದೆ. ಅಷ್ಟು ಸುಲಭವಾಗಿ ಅಂದೆ. ಚೊಚ್ಚಲ ಬಾಣಂತನ ತವರುಮನೆಯದು ಕಣೇ. ಅದು ಹೋಳೂರಿಗೂ ಗೊತ್ತು, ಮುಳಬಾಗಿಲಿಗೂ ಗೊತ್ತು.

ರೇಟು ಏರಿರುವುದು ಸುಳ್ಳಲ್ಲ. ಕೋಲಾರದ ಅಂಗಡಿಯವನು ಕೊಬ್ಬರಿ ಮೂಟೆಯನ್ನು ಈಗ ಹೊರಗಿಡುವುದಿಲ್ಲ, ಗಲ್ಲಾಪೆಟ್ಟಿಗೆ ಪಕ್ಕ ಕೂರಿಸಿಕೊಂಡಿದ್ದಾನೆ. ಮೆಣಸು ಅಂದರೆ ‘ಎಷ್ಟು ಗ್ರಾಮ್ ಅಕ್ಕಾ’ ಅಂತ ನನ್ನ ಮುಖ ನೋಡುತ್ತಾನೆ. ಆದರೆ ನಾನು ನಿನ್ನ ಮದುವೆ ಚಪ್ಪರ ಬಿಚ್ಚಿದಾಗಿನಿಂದಲೇ ಮೆಣಸು, ಜೀರಿಗೆ, ಓಮ, ಒಣಶುಂಠಿ, ಹಿಪ್ಪಲಿ ಅಂತ ಚೂರುಚೂರೇ ಕೂಡಿಟ್ಟವಳು. ಬಿಸಿಲಿಗೆ ಹಾಕಿ, ಆರಿಸಿ, ಇಂಗಿನ ತುಂಡು ಇಟ್ಟು, ಡಬ್ಬಿ ಬಾಯಿಗೆ ಬಿಳಿ ಬಟ್ಟೆ ಬಿಗಿದು ಗಂಟು ಹಾಕಿ ಅಟ್ಟಕ್ಕೆ ಏರಿಸಿದ್ದೆ. ಒಂದೇ ಒಂದು ಹುಳ ತೋರಿಸು ನೋಡೋಣ! ಆ ಗಂಟು ಬಿಚ್ಚುವ ಕೈ ಈ ಮನೆಯಲ್ಲಿ ನನ್ನದೊಂದೇ, ಅದಕ್ಕೇ ಸಾಮಾನು ಉಳಿಯುತ್ತದೆ. ನಿಮ್ಮಪ್ಪನಿಗೂ ಕಷಾಯಕ್ಕೆ ನಾಲ್ಕು ಕಾಳು ಮೆಣಸು ಬೇಕಾದರೆ ನನ್ನನ್ನೇ ಕೂಗಬೇಕು. ನಿನಗಂತೂ ಚಿಕ್ಕಂದಿನಿಂದ ಹೇಳುತ್ತಲೇ ಇದ್ದೆ, ‘ನಿಂದು ಬೆವರೋ ಕೈ ಕಣೇ, ಡಬ್ಬೀಗೆ ಹಾಕ್ಬೇಡ, ಬೂಷ್ಟು ಬರುತ್ತೆ’ ಅಂತ.

ಹೋದ ಭಾನುವಾರ ನಾನು ಹೇಳದೆ ಕೇಳದೆ ಬಂದದ್ದು ನಿನ್ನ ಮನಸ್ಸು ತಿರುಗಿಸೋಣ ಅಂತ. ಇನ್ನೊಂದು ಕಾರಣವೂ ಇತ್ತು, ನಿಮ್ಮತ್ತೆಯ ಖಾರ ಹೇಗಿದೆ ಅಂತ ನೋಡಬೇಕಿತ್ತು. ಅವರು ಬಾಗಿಲಲ್ಲೇ ‘ರಾ ವದಿನಾ, ರಾ’ ಅಂತ ಕೈ ಹಿಡಿದು ಒಳಗೆ ಕರೆದರು. ಅಷ್ಟು ಚೆನ್ನಾಗಿ ಕರೆಯದಿದ್ದರೆ ನನಗೆ ಜಗಳಕ್ಕೆ ಅನುಕೂಲವಾಗುತ್ತಿತ್ತು. ಅವರ ಅಡುಗೆಮನೆ ನೋಡಿ ಮೊದಲು ಖುಷಿಯೇ ಆಯಿತು. ಒಂದು ಡಬ್ಬಿಗೆ ಇನ್ನೊಂದರ ಮುಚ್ಚಳ, ಎಲ್ಲ ನೆಲದ ಮಟ್ಟಕ್ಕೇ ಸಾಲಾಗಿ ಇಟ್ಟಿದ್ದಾರೆ. ‘ಹಿಂಗಿಟ್ರೆ ಆಷಾಢ ದಾಟಲ್ಲ’ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಅಷ್ಟರಲ್ಲಿ ನೀನು ಏಳು ತಿಂಗಳ ಹೊಟ್ಟೆ ಹೊತ್ತು ಬಂದು, ನೆಲಕ್ಕೆ ಕೂತು, ಕೊಬ್ಬರಿ ಡಬ್ಬಿಗೆ ನೇರವಾಗಿ ಕೈ ಹಾಕಿ ತೆಗೆದು ತಿಂದೆ. ನಿಮ್ಮತ್ತೆ ಡಬ್ಬಿಯನ್ನು ನಿನ್ನ ಹತ್ತಿರಕ್ಕೆ ಇನ್ನೂ ಸ್ವಲ್ಪ ತಳ್ಳಿದರು.

ಊಟಕ್ಕೆ ಅದೇ ಬಾಣಂತಿ ಖಾರದ ಸಾರು ಮಾಡಿದ್ದರು, ನೀನು ರುಚಿ ನೋಡಬೇಕು ಅಂದೆಯಂತೆ. ನಾನು ಎರಡನೇ ಸಲ ಅನ್ನ ಹಾಕಿಸಿಕೊಂಡೆ. ನನ್ನ ನಾಲಿಗೆಯೇ ನನ್ನ ಕಡೆ ನಿಲ್ಲಲಿಲ್ಲ. ನೀನು ‘ಹೆಂಗಿದೆ ಅಮ್ಮಾ, ಅತ್ತೆ ಖಾರ?’ ಅಂದಾಗ ‘ಉಪ್ಪು ಒಂದು ಕಲ್ಲು ಜಾಸ್ತಿ’ ಅಂದುಬಿಟ್ಟೆ. ಉಪ್ಪು ಸರಿಯಾಗಿಯೇ ಇತ್ತು.

ಆಮೇಲೆ ನೀವಿಬ್ಬರೂ ಜಗಲಿಯಲ್ಲಿ ಹೂವು ಕಟ್ಟುತ್ತಾ ಕೂತಿರಿ. ನಾನು ತಟ್ಟೆ ತೊಳೆದು ಒಳಗೆ ಬಂದೆ. ಖಾರದ ಡಬ್ಬಿಯ ಬಾಯಿ ತೆರೆದೇ ಇತ್ತು, ನನ್ನ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಸಲ ಕೊಡವಿದರೆ ಸಾಕು, ನೀನು ಹೆರುವ ಹೊತ್ತಿಗೆ ಅಷ್ಟೂ ಬೂಷ್ಟು ಹಿಡಿದು, ನನ್ನ ಡಬ್ಬಿಗೇ ಬರಬೇಕಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಕೈ ಡಬ್ಬಿಯ ಮೇಲೆ ಹೋಯಿತು. ಅಷ್ಟರಲ್ಲಿ ಹೊರಗೆ ನೀನು ಜೋರಾಗಿ ನಕ್ಕೆ. ಹಾಗೆ ನೀನು ನಗುವುದನ್ನು ನಾನು ಕೇಳಿ ಎಷ್ಟೋ ದಿನವಾಗಿತ್ತು. ಸೆರಗಿಗೆ ಕೈ ಒರೆಸಿಕೊಂಡು ಮುಚ್ಚಳ ಹಾಕಿದೆ. ಅವರ ಡಬ್ಬಿಗೆ ಸರಿಯಾದ ಮುಚ್ಚಳ ಹುಡುಕಿ ಹಾಕಿದ್ದು ನಾನೇ, ಬೇಕಾದರೆ ನೋಡು.

ಹೌದು, ಇದು ಹೊಟ್ಟೆಕಿಚ್ಚೇ. ಅತ್ತೆ ಸೊಸೆಯನ್ನು ಗೋಳು ಹೊಯ್ದುಕೊಂಡರೆ ತಾಯಿ ಅಳುತ್ತಾಳೆ, ಊರು ಸಮಾಧಾನ ಹೇಳುತ್ತದೆ. ಅತ್ತೆ ಒಳ್ಳೆಯವಳಾದರೆ ತಾಯಿ ಯಾರ ಹತ್ತಿರ ಅಳಬೇಕು? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಹೆತ್ತವಳಿಗೆ ಯಾವ ಕಾಲವೋ ಗಾದೆ ಕಟ್ಟಿದವರು ಹೇಳಿಲ್ಲ. ಪಕ್ಕದ ಮನೆ ಆಂಜಿನಮ್ಮ ದಿನಾ ಕೇಳುತ್ತಾಳೆ, ‘ಏನ್ ಶಾಮಲಕ್ಕಾ, ಮಗಳು ಯಾವಾಗ ಬರ್ತಾಳೆ?’ ಅಂತ. ಸೀಮಂತ ಆದಮೇಲೆ ಅಂತ ಹೇಳಿಬಿಟ್ಟಿದ್ದೇನೆ. ಅವಳು ಅದನ್ನು ಬೀದಿಗೆಲ್ಲ ಹೇಳಿದ್ದಾಳೆ. ಇನ್ನು ನಿನ್ನ ಇಷ್ಟ.

ಮಧ್ಯಾಹ್ನದ ಬಿಸಿಲಲ್ಲಿ ಹೊರಗೆ ಓಡಾಡಬೇಡ. ಮಾವಿನಹಣ್ಣು ಎಷ್ಟೇ ಆಸೆಯಾದರೂ ಹಿತವಾಗಿ ತಿನ್ನು, ಉಷ್ಣ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ನಿಮ್ಮತ್ತೆಗೂ ಕೇಳಿದೆ ಅಂತ ಹೇಳು. ಎರಡು ಜೀವವೂ ಸುಖವಾಗಿ ಬೇರೆಯಾಗಲಿ, ನಿನ್ನ ಮಡಿಲು ತಣ್ಣಗಿರಲಿ.

ನಿನ್ನ ಹೆತ್ತ ಅಮ್ಮ
ಶಾಮಲಮ್ಮ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿಮ್ಮತ್ತೆ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಾಗ ನಾನು ಕೇಳಿಯೇಬಿಟ್ಟೆ, ‘ನನ್ನ ಮಗಳನ್ನ ಯಾಕೆ ಹಿಡಿದಿಟ್ಕೊಂಡಿದೀರ?’ ಅಂತ. ಅವರು ನನ್ನ ಕೈ ಹಿಡಿದುಕೊಂಡು ಅಂದರು: ‘ನಾನಲ್ಲ ವದಿನಾ, ದೇವರಾಣೆ ನಾನಲ್ಲ. ಅಮ್ಮನ ಮನೇಗೆ ಹೋಗಮ್ಮಾ ಅಂತ ಎಷ್ಟ್ ಹೇಳ್ದೆ. ಅವಳೇ ಒಪ್ಪಲಿಲ್ಲ. “ಅಲ್ಲಿ ಎಲ್ಲಾ ಕೇಳಿ ಈಸ್ಕೊಂಡು ತಿನ್ಬೇಕು ಅತ್ತೆ. ನಂದು ಬೆವರೋ ಕೈ” ಅಂದ್ಲು.’

ಬಸ್ಸು ಬಂತು, ಹತ್ತಿ ಕೂತೆ. ಅವರು ಕಿಟಕಿ ಹತ್ತಿರ ನಿಂತು ಏನೋ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ.

ಸುರೇಶ ತರುವ ಚೀಲದಲ್ಲಿ ಖಾರದ ಡಬ್ಬಿಯಿದೆ, ಕೊಬ್ಬರಿ ಡಬ್ಬಿಯಿದೆ. ಎರಡಕ್ಕೂ ಬಟ್ಟೆ ಬಿಗಿದಿಲ್ಲ, ಗಂಟು ಹಾಕಿಲ್ಲ. ಬಸ್ಸಲ್ಲಿ ಚೆಲ್ಲುತ್ತೆ ಅಂತ ನಿಮ್ಮಪ್ಪ ರೇಗಿದರು, ಚೆಲ್ಲಿದರೆ ಚೆಲ್ಲಲಿ. ಚಮಚ ಹುಡುಕಬೇಡ ಕಂದಾ, ಕೈ ಹಾಕು, ಬೆವರಿದ್ದರೂ ಹಾಕು. ಬೂಷ್ಟು ಬಂದರೆ ಬೇರೆ ಕುಟ್ಟುತ್ತೇನೆ, ಮೆಣಸು ಬಂಗಾರವೇ ಆಗಲಿ. ಅಟ್ಟದ ಡಬ್ಬಿಗಳನ್ನೆಲ್ಲ ನಿನ್ನೆ ಕೆಳಗೆ ಇಳಿಸಿದೆ. ನೆಲಕ್ಕೆ ಕೂತರೆ ನಿನ್ನ ಕೈಗೆ ಎಟುಕುವ ಹಾಗೆ ಇಟ್ಟಿದ್ದೇನೆ.