ಆರನೆಯ ಮಾಪ್

೧೨ ಮಾರ್ಚ್ ೧೯೭೯, ತರೀಕೆರೆ
ಇವತ್ತೂ ಎರಡು ಹರ್ನಿಯ. ಹೌಸ್‌ಸರ್ಜನ್ಸಿ ಮುಗಿಸಿ ಡಾ. ದ್ವಾರಕಾನಾಥರ ನರ್ಸಿಂಗ್ ಹೋಮಿಗೆ ಅಸಿಸ್ಟೆಂಟಾಗಿ ಬಂದು ತಿಂಗಳಾಯಿತು. ಎಂ.ಎಸ್. ಅರ್ಜಿ ಟೇಬಲ್ ಮೇಲಿದೆ. ವಿಷಯದ ಕಾಲಂ ಖಾಲಿ. ಕಡೂರಿನಿಂದ ಅಪ್ಪನ ಕಾಗದ: ‘ಹೆರಿಗೆ ಡಾಕ್ಟರಾಗು, ಹೆಣ್ಮಕ್ಕಳಿಗೆ ಅದೇ ಸರಿ.’ ನನಗೆ ಜನರಲ್ ಸರ್ಜರಿಯೇ ಬೇಕು. ಹಟ ಅಂದರೆ ಹಟ. ಶಿಫಾರಸು ಬರೆದುಕೊಡುತ್ತೇನೆ ಎಂದಿದ್ದಾರೆ ಡಾಕ್ಟರು. ೨೦ರೊಳಗೆ ಪೋಸ್ಟ್ ಮಾಡಬೇಕು.

೧೪ ಮಾರ್ಚ್
ಎಮ್ಮೆದೊಡ್ಡಿ ಕಾವಲಿನಿಂದ ಕರಿಸಿದ್ದಪ್ಪ. ದನ ಕಾಯುವವನು. ಹೋರಿ ಹೊಟ್ಟೆಗೆ ತಿವಿದಿದೆ. ಎರಡು ಗಂಟೆ ಆಪರೇಷನ್. ಕರುಳಿಗೆ ನಾನೂ ನಾಲ್ಕು ಹೊಲಿಗೆ ಹಾಕಿದೆ! ಕೈ ನಡುಗಲಿಲ್ಲ.

ಒಂದೇ ಅವಮಾನ. ರಕ್ತ ಒತ್ತುವ ಬಟ್ಟೆ — ಮಾಪ್ — ಮೊದಲೇ ಎಣಿಸಿ ಹಲಗೆಯ ಮೇಲೆ ಬರೆಯುವುದು ನನ್ನ ಕೆಲಸ. ಅವಸರದಲ್ಲಿ ಮೊದಲನೆಯದನ್ನು ಟ್ರೇಯಲ್ಲಿಡುತ್ತಾ ‘ಲಾಭ’ ಎಂದುಬಿಟ್ಟೆ. ಅಪ್ಪನ ದವಸದ ಮಂಡಿಯಲ್ಲಿ ರಾಗಿ ಅಳೆಯುವಾಗ ‘ಒಂದು’ ಅನ್ನುವುದಿಲ್ಲವಲ್ಲ. ಲಾಭ, ಎರಡು, ಮೂರು... ಸಿಸ್ಟರ್ ಜಾನಕಮ್ಮ ನಕ್ಕರು. ‘ಏನ್ ಡಾಕ್ಟ್ರಮ್ಮ, ರಾಗಿ ಅಳೀತಿದೀರಾ?’ ನಾಚಿಕೆಯಾಗಿ ಮತ್ತೆ ಒಂದರಿಂದ ಶುರುಮಾಡಿದೆ. ಐದು. ಹೊಟ್ಟೆ ಮುಚ್ಚುವ ಮುಂಚೆ ಎಣಿಸಿದಾಗಲೂ ಐದು. ಸರಿಹೋಯಿತು.

೧೬ ಮಾರ್ಚ್
ಕರಿಸಿದ್ದಪ್ಪನಿಗೆ ಜ್ವರ. ೧೦೨. ಹೊಟ್ಟೆ ಗಟ್ಟಿಯಾಗಿದೆ.

೧೭ ಮಾರ್ಚ್, ಬೆಳಗ್ಗೆ
ಜ್ವರ ಇಳಿದಿಲ್ಲ. ಹೆಂಡತಿ ದ್ಯಾವಮ್ಮ ಕೇಳಿದಳು, ‘ಒಳ್ಗೆಲ್ಲಾ ಚೆಂದಾಗಿ ಮಾಡಿದೀರಲ್ವಾ ತಾಯಿ?’ ಹೂಂ ಎಂದೆ.

ಕೈ ತೊಳೆಯುವಾಗ ಹೊಳೆಯಿತು... ಒಂದರಿಂದ ಮತ್ತೆ ಶುರುಮಾಡಿದೆ, ಸರಿ. ‘ಲಾಭ’ ಎಂದು ಇಟ್ಟದ್ದನ್ನು ಹಿಂದಕ್ಕೆ ತೆಗೆದೆನೇ? ಇಲ್ಲ. ಅದು ಟ್ರೇಯಲ್ಲೇ ಇತ್ತು. ಅದರ ಮೇಲೆ ಐದು ಇಟ್ಟೆ. ಹೋದದ್ದು ಆರು. ಬಂದದ್ದು ಐದು.

ಮಧ್ಯಾಹ್ನ
 ಹೇಳಿದರೆ ಶಿಫಾರಸು ಹೋಯಿತು. ಇನ್ನು ಯಾರು ನನ್ನ ಕೈಗೆ ಕತ್ತರಿ ಕೊಡುತ್ತಾರೆ? ಹೇಳದಿದ್ದರೆ... ಕಣ್ಣಿನ ಸರ್ಜರಿಗೆ ಹಾಕಲೇ? ಕಣ್ಣೊಳಗೆ ಏನನ್ನೂ ಮರೆತು ಬರುವಷ್ಟು ಜಾಗವಿಲ್ಲ. ಥೂ! ಅವನು ಅಲ್ಲಿ ನರಳುತ್ತಿದ್ದಾನೆ, ನಾನಿಲ್ಲಿ ಕಾಲಂ ತುಂಬುತ್ತಿದ್ದೇನೆ. ಹೆದರಿಕೆಯಾಗುತ್ತಿದೆ. ತುಂಬಾ.

೧೮ ಮಾರ್ಚ್
ಬೆಳಗ್ಗೆ ಹೇಳಿಬಿಟ್ಟೆ. ಡಾಕ್ಟರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಥಿಯೇಟರ್ ರೆಡಿ ಮಾಡ್ಸು. ಎಣಿಸೋದು ನೀನೇ. ಆ ಯಮ್ಮಂಗೆ ಹೇಳೋದೂ ನೀನೇ.’

ಕರುಳಿನ ಹಿಂದೆ ಇತ್ತು. ಕೀವು. ಆ ವಾಸನೆ ಇನ್ನೂ ಮೂಗಿನಲ್ಲಿದೆ.

ದ್ಯಾವಮ್ಮ ಎಲ್ಲ ಕೇಳಿಸಿಕೊಂಡಳು. ‘ನಿನ್ನೆನೇ ಹೇಳ್ಬಾರ್ದಾಗಿತ್ತಾ ತಾಯಿ?’ ಎಂದಳು, ಅಷ್ಟೇ.

೧೯ ಮಾರ್ಚ್, ಸಂಜೆ ೫
ಜ್ವರ ಹಾಗೇ ಇದೆ. ಡಾಕ್ಟರು ಶಿಫಾರಸಿಗೆ ಸಹಿ ಹಾಕಿ ಅರ್ಜಿಯ ಮೇಲಿಟ್ಟು ಹೋದರು. ನಂಬಲಾಗಲಿಲ್ಲ. ‘ಯಾವ ಸಬ್ಜೆಕ್ಟ್ ಬರೀತೀಯೋ ಬರ್ಕೋ ಕಣಮ್ಮ. ಆ ಒಂದಿನ ಸುಮ್ನಿದ್ದೆಯಲ್ಲ, ಅದನ್ನ ಮಾತ್ರ ಮರೀಬೇಡ.’

ಪೆನ್ನು ತೆಗೆದುಕೊಂಡೆ.  ‘ಜನರಲ್’ ಅಂತ ಬರೆದೆ. ಮುಂದಿನ ಪದ ಬರುತ್ತಿಲ್ಲ. ಅವನು ಎದ್ದು ಕೂತ ಮೇಲೆ ಬರೆದರಾಯಿತು ಅನ್ನಿಸಿ ಈ ಡೈರಿ ತೆಗೆದೆ.

ಕಿಟಕಿಯಲ್ಲಿ ದ್ಯಾವಮ್ಮ. ‘ಡಾಕ್ಟ್ರಮ್ಮಾ, ಮೈ ತಣ್ಣಗಾಗೈತೆ, ಬನ್ನಿ!’ ಜ್ವರ ಬಿಟ್ಟಿತೋ, ಇಲ್ಲ —