ವೈರಸ್ ಇಲ್ಲವಂತೆ

ಮನೆಯ ಯಜಮಾನತಿಗೆ,

ಫೋನ್ ಮಾಡೋಣವೆಂದರೆ ದನಿ ಪೂರ್ತಿ ಹೋಗಿದೆ. ತರಕಾರಿ ಮಂಡಿಯಲ್ಲಿ ಹರಾಜು ಕೂಗಿ ಕೂಗಿ ನಿನ್ನಿಂದ ಕೂಗುಮಾರಿ ಅನ್ನಿಸಿಕೊಂಡವನು ಈಗ ಕಾಗದ ಬರೆಯುತ್ತಿದ್ದೇನೆ.

ನನ್ನ ಗಂಟಲಿನ ಕ್ಯಾನ್ಸರ್ ವೈರಸ್ಸಿನಿಂದ ಬಂದಿರಬಹುದು, ಅದು ದೇಹಸಂಬಂಧದಿಂದ ಹರಡುವಂಥದ್ದು, ಪರೀಕ್ಷೆ ಮಾಡಿಸೋಣ ಎಂದು ಡಾಕ್ಟರಮ್ಮ ಅಂದ ಕೂಡಲೇ ನೀನು ಎದ್ದು ಅಕ್ಕನ ಮನೆಗೆ ಹೊರಟೆ. "ಮದುವೆಗೆ ಎಷ್ಟೋ ವರ್ಷ ಮೊದಲೇ ಬಂದಿರಬಹುದಮ್ಮ, ಯಾರನ್ನೂ ದೂರೋ ಹಾಗಿಲ್ಲ" ಎಂದು ಅವರು ಹೇಳಿದ್ದನ್ನು ಕೇಳಲೂ ನಿಲ್ಲಲಿಲ್ಲ. ನಾನಾದರೂ ಹಿಂದೆಯೇ ಬರಬೇಕಿತ್ತು. ಬಿಗುಮಾನ, ಕುರ್ಚಿ ಬಿಟ್ಟು ಏಳಲಿಲ್ಲ.

ನಿನ್ನೆ ಫಲಿತಾಂಶ ಬಂತು. ವೈರಸ್ ಇಲ್ಲವಂತೆ. ನಿನ್ನ ಅನುಮಾನಕ್ಕೆ ಇನ್ನು ಜಾಗವಿಲ್ಲ.

ಅವತ್ತು ನೀನು ಹೋದ ಮೇಲೆ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದರು. ಪ್ರತಿಕಾಯದ ಹೊಸ ಚಿಕಿತ್ಸೆಯೊಂದು ಪ್ರಯೋಗದಲ್ಲಿದೆ; ಆ ಮದ್ದು ವೈರಸ್ಸಿನ ಗುರುತು ಹೊತ್ತ ಕ್ಯಾನ್ಸರ್ ಕೋಶಗಳನ್ನೇ ಹುಡುಕಿ ಹಿಡಿಯುತ್ತದಂತೆ. ಗುರುತಿಲ್ಲದ ನನಗೆ ಅದನ್ನು ಕೊಡುವಂತಿಲ್ಲ. ಬೇರೆ ಮದ್ದುಗಳು ಸೋತದ್ದನ್ನು ನೀನೇ ನೋಡಿದ್ದೀಯ.

ವೈರಸ್ ಇರಲಿ ಎಂದು ಎಷ್ಟು ಬೇಡಿಕೊಂಡಿದ್ದೆ ಗೊತ್ತೇ? ನೀನು ಆಯುಷ್ಯವಿಡೀ ಬೈದಿದ್ದರೂ ಸರಿ, ಬದುಕಿದ್ದು ಕೇಳಿಸಿಕೊಳ್ಳುತ್ತಿದ್ದೆ.

ಬಾ. ನಿನ್ನ ಹತ್ತಿರ ಇರುವ ಬೀಗದ ಕೈ ಮರೆಯದೆ ತಾ. ಹೊರಗೆ ನಿಂತು ಬಾಗಿಲು ತಟ್ಟಿದರೆ "ಬಂದೆ ಇರೇ" ಎನ್ನಲು ನನ್ನಿಂದಾಗದು.

ನಿನ್ನ
ಕೂಗುಮಾರಿ